ಮಗಳಿಗೊಂದು ಪತ್ರ: ಆ ಒಂದು ಒಬ್ಬೆ ಗೋಳಿಬಜೆ

ಮಗಾ,

ಮೊನ್ನೆ ಫೋನಲ್ಲಿ ಜೋರು ಮಾಡಿದ್ದಕ್ಕೆ ಬೇಜಾರು ಮಾಡ್ಕೊಳ್ಬೇಡ. ನೀನೂ ಕಮ್ಮಿ ಮಾತಾಡ್ಲಿಲ್ಲ, ಅದು ಬಿಡು. ಪಾರಂಪಳ್ಳಿಯ ಮಯ್ಯರು ಬೆಂಗಳೂರಿಗೆ ಹೋಗಿ 1924ರಲ್ಲಿ ಹೋಟೆಲ್ ಹಾಕಿದ್ರು, ಅದೇ ಮುಂದೆ ಎಂಟಿಆರ್ ಆದದ್ದು. ನಮ್ಮ ಕಡೆಯವರು ಹಾಗೆ ಘಟ್ಟ ಹತ್ತಿದವರೇ. ನೀನು ಕೆಲಸ ಬಿಟ್ಟು ಘಟ್ಟ ಇಳಿದು ನನ್ನಜ್ಜ ಹಾಕಿದ ಹೋಟೆಲ್ ನಡೆಸ್ತೇನೆ ಅಂತಿ.

ನಂಗೆ ನೆನಪಾಗುದು 2006ರ ಉಡುಪಿ ಪರ್ಯಾಯ, ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ನಿಂಗಾಗ ಏಳು ವರ್ಷ. ಜನವರಿ 17ರ ರಾತ್ರಿ, ಜೋಡುಕಟ್ಟೆಯಿಂದ ಮೆರವಣಿಗೆ ಇನ್ನೂ ಹೊರಟಿರ್ಲಿಲ್ಲ, ಊರಿಡೀ ಎಚ್ಚರ, ಹೋಟೆಲಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ಅಕ್ಕಿ ಗೋಣಿ ಮೇಲೆ ಮಲಗಿದ್ದವಳು ನೀನು ಎದ್ದು ಬಂದದ್ದು ಯಾರೂ ನೋಡ್ಲಿಲ್ಲ, ಸಪ್ಲೈಯರ್ ಹುಡುಗ ಸಾಂಬಾರಿನ ಬಕೆಟ್ ಹಿಡ್ಕೊಂಡು ತಿರುಗಿದ, ಅಷ್ಟೇ. ಎಡಗಾಲಿನ ಪಾದ ಇಡೀ. ಅಮ್ಮ ಎತ್ಕೊಂಡು ನಲ್ಲಿ ಅಡಿಗೆ ಹಿಡಿದಳು. ನಾನು ಬಾಣಲೆಯಲ್ಲಿದ್ದ ಒಬ್ಬೆ, ಒಂದು ಸಲಕ್ಕೆ ಕರಿಯುವಷ್ಟು ಗೋಳಿಬಜೆ, ತೆಗೆದು ಆಮೇಲೆ ಬಂದೆ. ಒಂದು ಒಬ್ಬೆ ಮಗಾ. ಗೋಳಿಬಜೆ ಕೆಂಪಾಗ್ಲಿಕ್ಕೆ ನಾಲ್ಕೈದು ನಿಮಿಷ, ಅಷ್ಟು ಹೊತ್ತೂ ನೀನು ಅಪ್ಪಾ ಅಪ್ಪಾ ಅಂತ ಕರೀತಾ ಇದ್ದಿ, ನಾನು ಸಟ್ಟುಗದಲ್ಲಿ ತಿರುಗಿಸ್ತಾ ಇದ್ದೆ. ಬೆಂಕಿ ಆರಿಸಿ ಬರ್ಬಹುದಿತ್ತು. ಇಳಿಸಿಟ್ಟಾದ್ರೂ ಬರ್ಬಹುದಿತ್ತು. ಆ ಕಲೆ ನಿಂಗೆ ಮರ್ತು ಹೋಗಿರ್ಬಹುದು, ನೀನು ಸ್ಯಾಂಡಲ್ ಹಾಕಿದಾಗೆಲ್ಲ ನಂಗೆ ಕಾಣುದು ಅದೇ. ಗಿರಾಕಿ ಕಾಯ್ತಿದ್ದಾರೆ ಅಂದ್ರೆ ಈ ಕೈ ನಿಲ್ಲುದಿಲ್ಲ, ನಿನ್ನ ಅಜ್ಜಂದೂ ಹಾಗೇ ಇತ್ತು, ನಿಂದೂ ಹಾಗೇ ಆಗ್ಬಾರ್ದು ಅಂತ ಬೇಡ ಅಂದದ್ದು, ನೀನು ಹೆಣ್ಣು ಅಂತ ಅಲ್ಲವೇ ಅಲ್ಲ.

ಬರುದಾದ್ರೆ ಕೇಳು. ತೆಂಗಿನಕಾಯಿ ರೇಟ್ ಎಷ್ಟಾದ್ರೂ ಸಾಂಬಾರಿಗೆ ಹುರಿದ ಕಾಯಿ ಕಮ್ಮಿ ಮಾಡ್ಲಿಕ್ಕಿಲ್ಲ. ಗುಳ್ಳ ಬದನೆ ಮಟ್ಟು ಊರಿಂದೇ ಆಗ್ಬೇಕು, 2011ರಲ್ಲಿ ಜಿಐ, ಅಂದ್ರೆ ಆ ಊರಿನ ಬೆಳೆ ಅಂತ ಸರ್ಕಾರದ ಗುರುತು, ಸಿಕ್ಕಿದ ಮೇಲೂ ಬೇರೆ ಬದನೆಯನ್ನ ಅದೇ ಹೆಸರಲ್ಲಿ ಮಾರುವವರಿದ್ದಾರೆ, ಒಂದು ಬೇಯಿಸಿ ನೋಡಿಯೇ ತಗೊ. ಗಲ್ಲೆಯಲ್ಲಿ ಕೂರುವ ಮೊದಲು ಆರು ತಿಂಗಳು ಕಾವಲಿ ಎದುರು ನಿಲ್ಲು. ಅಡಿಗೆ ಭಟ್ರು ಬೈದ್ರೆ ಎದುರುತ್ತರ ಬೇಡ. ಇದೆಲ್ಲ ಮೊದಲೇ ಹೇಳಿದ್ದೇ, ಗೊತ್ತುಂಟು.

ನೀನು ಕಳಿಸಿದ ಲೆಕ್ಕದ ಶೀಟ್ ನೋಡಿದೆ. ಮೂವತ್ತು ವರ್ಷದಲ್ಲಿ ಗ್ಯಾಸಿಗೆ ಎಷ್ಟು, ಎಣ್ಣೆಗೆ ಎಷ್ಟು ಅಂತ ನಾನು ಹಾಗೆ ಬಿಡಿಸಿ ಬರೆದದ್ದಿಲ್ಲ. ಅಮ್ಮನಿಗೂ ತೋರಿಸಿದೆ, ಎರಡೆರಡು ಸಲ.

ಪಂಚಗಂಗಾಕ್ಕೆ ಟಿಕೆಟ್ ಆದ್ರೆ ಮೆಸೇಜ್ ಹಾಕು, ಇಂದ್ರಾಳಿ ಸ್ಟೇಷನ್ನಿಗೆ ನಾನೇ ಬರ್ತೇನೆ. ಕಾಲು ಪೂರ್ತಿ ಮುಚ್ಚುವ ಶೂ ಒಂದು ಜೊತೆ ತಗೊಂಡು ಬಾ, ಚಪ್ಪಲಿಯಲ್ಲಿ ಒಳಗೆ ಬಿಡುದಿಲ್ಲ ನಾನು.

ಅಪ್ಪ