ಕುಮಟಾದ ಬಟ್ಟೆ ಅಂಗಡಿಯಲ್ಲಿ ಸಿಕ್ಕ ಅಮ್ಮನಿಗೆ

ಕಳೆದ ವಾರ ಅಕ್ಕನ ಕೂಸನ್ನು ನೋಡಲು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದಿದ್ದೆ. ಬರಿಗೈಲಿ ಹೋಗೋದು ಹೇಗೆ ಅಂತ ಬಸ್ ಸ್ಟ್ಯಾಂಡ್ ಹತ್ತಿರದ ಬಟ್ಟೆ ಅಂಗಡಿಗೆ ನುಗ್ಗಿದೆ. ಗುಲಾಬಿ ಬಣ್ಣದ ನೆಟ್ ಫ್ರಾಕು, ಎದೆ ತುಂಬ ಮಿಂಚು. ಬಿಲ್ ಮಾಡಿಸಲು ಹೊರಟಿದ್ದೆ. ಪಕ್ಕದಲ್ಲಿ ಟವೆಲ್ ಆರಿಸುತ್ತಿದ್ದ ನೀವು, ‘ಕೂಸಿಗೆ ಎಷ್ಟು ದಿನ ತಂಗಿ?’ ಅಂದಿರಿ.

14 ದಿನ ಅಂದೆ.

ನೀವು ಮಾತಾಡಲಿಲ್ಲ. ಫ್ರಾಕಿನ ಒಳಮೈ ತಿರುಗಿಸಿ, ಹೊಲಿಗೆಯನ್ನು ನನ್ನ ಮಣಿಕಟ್ಟಿಗೆ ಒಮ್ಮೆ ಉಜ್ಜಿದಿರಿ. ಚುಚ್ಚಿತು. ಅಷ್ಟೇ ಸಾಕಾಯ್ತು.

ಆಮೇಲೆ ನೀವೇ ಆರಿಸಿದ್ದು, ಮುಂದೆ ಲಾಡಿ ಕಟ್ಟುವ ತೆಳು ಹತ್ತಿಯ ಜಬಲಾ. ಕುತ್ತಿಗೆ ಇನ್ನೂ ನಿಲ್ಲದ ಕೂಸಿಗೆ ತಲೆ ಮೇಲಿಂದ ಅಂಗಿ ಎಳೆಯೋದು ಕಷ್ಟ ಅಲ್ವಾ, ನನಗೆ ಹೊಳೆದೇ ಇರಲಿಲ್ಲ. ಎರಡು ಸಾಕು ಅಂದಿದ್ದಕ್ಕೆ ನಕ್ಕಿರಿ. ‘ಈ ಮಳೇಲಿ ಒಣಗಿಸೋರು ಯಾರು? ಆರು ತಗೋ. ಒಂದು ಸೈಜ್ ದೊಡ್ಡದೇ ಇರಲಿ. ತೊಳೆಯದೆ ಮಾತ್ರ ಹಾಕಬೇಡ.’

ಅಕ್ಕನ ಮನೆಯ ಬಚ್ಚಲ ಒಲೆ ಮೇಲಿನ ಹಗ್ಗದಲ್ಲಿ ಈಗ ಆ ಆರೂ ನೇತಾಡುತ್ತಿವೆ. ಸ್ವಲ್ಪ ಹೊಗೆ ವಾಸನೆ, ಇರಲಿ. ಮೊದಲನೆಯದನ್ನು ಹಾಕಿದಾಗ ಕೂಸು ಎಚ್ಚರಾಗಲೂ ಇಲ್ಲ. ನನ್ನ ಕಿರುಬೆರಳು ಹಿಡಿದು ಮಲಗಿತ್ತು.

ನಿಮ್ಮ ಹೆಸರು ಕೇಳಲಿಲ್ಲ. ಗೋಕರ್ಣದ ಬಸ್ಸು ಬಂತು ಅಂತ ಟವೆಲ್ಲೂ ತಗೊಳ್ಳದೆ ಓಡಿದಿರಿ. ತುಂಬಾ ಧನ್ಯವಾದ, ಅಮ್ಮಾ.

ಆ ಫ್ರಾಕನ್ನೂ ಕೊಂಡೆ, ಬೈಬೇಡಿ. ಒಂದು ವರ್ಷದ ಸೈಜು.