ಮಗಳಿಗೊಂದು ಪತ್ರ: ತಿರುಗದ ಮುಂದಿನ ಚಕ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾಲ್ಕು ಚಕ್ರವೂ ಎಳೆಯುವ ಹಳೆಯ ಮಾರುತಿ ಜಿಪ್ಸಿ ಜೀಪೊಂದನ್ನು ಕೊಳ್ಳುತ್ತೇನೆಂದು ಹೇಳಿ, ನಿನ್ನೆ ರಾತ್ರಿ ನೀನು ಮಾತನ್ನು ಅರ್ಧಕ್ಕೇ ನಿಲ್ಲಿಸಿ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. "ಹೆಣ್ಣುಮಗಳಿಗೆ ಜಿಪ್ಸಿ ಯಾಕೆ, ಒಂದು ಸಣ್ಣ ಕಾರು ಸಾಲದೇ" ಎಂದು ನಾನು ಕೇಳಬಾರದಿತ್ತು. ಕೊಡಗಿನ ಶಾಂತಳ್ಳಿಯ ಮಳೆಗಾಲದಲ್ಲಿ, ಕರು ಹಾಕಲಾರದೆ ಒದ್ದಾಡುವ ಹಸುವಿಗಾಗಿ ನಡುರಾತ್ರಿ ಕೆಮ್ಮಣ್ಣಿನ ಏರು ಹತ್ತಬೇಕಾದವಳು ನೀನು. ನಮ್ಮ ಮನೆತನದಲ್ಲಿ ಮೊದಲ ಪಶುವೈದ್ಯೆ ನೀನೆಂದು ಕೊಟ್ಟಿಗೆಹಾರದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುವ ನಾನೇ ನಿನ್ನೆದುರು ಹಾಗೆ ಮಾತಾಡಿದ್ದು ತಪ್ಪು. ಕ್ಷಮಿಸು.

ಆದರೆ ನನ್ನ ಹೆದರಿಕೆ ನೀನು ತಿಳಿದಂತೆ ನಿನ್ನ ಚಾಲನೆಯ ಬಗ್ಗೆ ಅಲ್ಲ, ಮಾರುವವನ ಮಾತಿನ ಬಗ್ಗೆ. ನಿನಗೆ ಆರು ವರ್ಷವಿದ್ದಾಗ ಜ್ವರ ಏರಿದ ಆ ಜುಲೈ ರಾತ್ರಿ ನಾವು ಆಸ್ಪತ್ರೆಯನ್ನು ಹೇಗೆ ಮುಟ್ಟಿದೆವೆಂಬುದನ್ನು ಮತ್ತೆ ಬರೆಯಬೇಕಾಗಿಲ್ಲ. ನಾನು ಬರೆಯಬೇಕಾಗಿರುವುದು ಅದಕ್ಕೂ ಮುಂಚಿನ ಹತ್ತು ನಿಮಿಷದ ಮಾತು. ಮನೆಯ ಕೆಳಗಿನ ಏರಿನಲ್ಲಿ ಜೀಪು ಜಾರಿ ನಿಂತಾಗ ನಾನು ಪೂರ್ಣ ಧೈರ್ಯದಿಂದಲೇ ಲಿವರನ್ನು ಫೋರ್ ವೀಲ್ ಲೋಗೆ, ಅಂದರೆ ನಾಲ್ಕೂ ಚಕ್ರಗಳು ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರಿಗೆ ಹಾಕಿದೆ, ಏಕೆಂದರೆ ಅದಕ್ಕಾಗಿಯೇ ಆ ಹಳೆಯ ಜೀಪನ್ನು ಸಾಲ ಮಾಡಿ ಕೊಂಡಿದ್ದೆ. ಎಂಜಿನ್ ಕೂಗಿತು, ಕೆಸರು ಹಾರಿತು, ಗಾಡಿ ಇನ್ನಷ್ಟು ಹಿಂದಕ್ಕೆ ಸರಿಯಿತು. ಗಾಡಿಯ ಗಂಧಗಾಳಿ ತಿಳಿಯದ ನಿನ್ನ ಅಮ್ಮ ಟಾರ್ಚ್ ಹಿಡಿದು ಕೆಳಗಿಳಿದು, "ಮುಂದಿನ ಚಕ್ರ ತಿರುಗುತ್ತಲೇ ಇಲ್ಲವಲ್ಲ" ಎಂದಳು. ನಾನು ನಂಬಲಿಲ್ಲ, ಮತ್ತೆ ಲಿವರ್ ತೆಗೆದು ಹಾಕಿದೆ. ಮೂರನೆಯ ಸಲಕ್ಕೂ ಅವಳು ಅದನ್ನೇ ಹೇಳಿದಳು. ಮರುದಿನ ಮೆಕ್ಯಾನಿಕ್ ಗಾಡಿಯ ಅಡಿಗೆ ಮಲಗಿ ನೋಡಿದಾಗ, ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಒಯ್ಯುವ ದಂಡ, ಆ ಪ್ರೊಪೆಲ್ಲರ್ ಶಾಫ್ಟೇ ಅಲ್ಲಿರಲಿಲ್ಲ. ಸದ್ದು ಕಡಿಮೆಯಾಗಲಿ, ಡೀಸೆಲ್ ಉಳಿಯಲಿ ಎಂದು ಹಿಂದಿನವರು ಬಿಚ್ಚಿಟ್ಟಿದ್ದರು. ಬೋಲ್ಟು ಹಾಕುವ ತೂತುಗಳಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಕೊಳ್ಳುವ ದಿನ ನಾನು ಲಿವರ್ ಎಳೆದು ನೋಡಿದ್ದೆ, ಅದು ಸಲೀಸಾಗಿ ಬಿದ್ದಿತ್ತು, ಅಷ್ಟಕ್ಕೇ ತೃಪ್ತಿಪಟ್ಟಿದ್ದೆ. ಬಗ್ಗಿ ಅಡಿಯನ್ನು ನೋಡಲಿಲ್ಲ. ಇಷ್ಟು ವರ್ಷವಾದರೂ, ಮಳೆ ಜೋರಾದಾಗಲೆಲ್ಲ, ಟಾರ್ಚಿನ ಬೆಳಕಿನಲ್ಲಿ ಅಲುಗದೆ ನಿಂತ ಆ ಚಕ್ರ ನನಗೆ ಕಾಣಿಸುತ್ತದೆ.

ಆದ್ದರಿಂದ ನೀನು ಹೇಳಿದ ಮಂಗಳೂರಿನ 2012ರ ಜಿಪ್ಸಿಯನ್ನು ಹೀಗೆ ಪರೀಕ್ಷಿಸು. ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿಸು. ಮುಂದಿನ ಚಕ್ರಗಳ ನಡುವಿನ ಹಬ್‌ಗಳ ಮೇಲೆ ಲಾಕ್, ಫ್ರೀ ಎಂಬ ತಿರುಪು ಇದ್ದರೆ ಎರಡೂ ಕಡೆ ಲಾಕ್ ಮಾಡು. ಈಗ ಫೋರ್ ವೀಲ್‌ಗೆ ಹಾಕಿ ಆ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅದು ಸ್ವಲ್ಪ ಅಲುಗಿ ಬಿಗಿಯಾಗಿ ನಿಲ್ಲಬೇಕು. ಸರಾಗವಾಗಿ ತಿರುಗಿದರೆ ಮುಂದಿನ ಚಕ್ರಗಳಿಗೆ ಶಕ್ತಿ ತಲುಪುತ್ತಿಲ್ಲವೆಂದೇ ಅರ್ಥ. ಆಮೇಲೆ ಸಡಿಲ ಮಣ್ಣಿನ ಮೇಲೆ ಹೈ, ಲೋ ಎರಡರಲ್ಲೂ ಓಡಿಸಿ, ಹೊರಗೆ ನಿಂತವರಿಂದ ಚಕ್ರಗಳನ್ನು ನೋಡಿಸು. ಈ ಪರೀಕ್ಷೆಯನ್ನು ಒಣ ಟಾರು ರಸ್ತೆಯಲ್ಲಿ ಮಾಡಬೇಡ; ಇಂಥ ಗಾಡಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳು, ಅಂದರೆ ಚಕ್ರದ ಅಚ್ಚುಗಳು, ಒಂದೇ ವೇಗಕ್ಕೆ ಕಟ್ಟಿಬೀಳುವುದರಿಂದ ತಿರುವಿನಲ್ಲಿ ಒಂದನ್ನೊಂದು ಎಳೆದಾಡಿ ಗೇರುಗಳಿಗೆ ಪೆಟ್ಟಾಗುತ್ತದೆ. ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿ, ಸರಿಸುಮಾರು ಸಮನಾಗಿ ಸವೆದಿರಬೇಕೆನ್ನುವುದೂ ಇದೇ ಕಾರಣಕ್ಕೆ.

ಸಮುದ್ರದ ಗಾಳಿಯ ಊರಿನ ಗಾಡಿಯಾದ್ದರಿಂದ ಬಣ್ಣಕ್ಕೆ ಮರುಳಾಗದೆ ಚಾಸಿಯನ್ನು, ಗಾಡಿಯನ್ನು ಹೊರುವ ಅಡಿಯ ಕಬ್ಬಿಣದ ಚೌಕಟ್ಟನ್ನು, ನೋಡು. ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಕೂರುವ ಜಾಗದಲ್ಲಿ ಮಣ್ಣು ನಿಂತು ತುಕ್ಕು ಒಳಗೊಳಗೇ ತಿನ್ನುತ್ತದೆ. ಅಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದರೆ ನಿಜ ತಿಳಿಯುತ್ತದೆ. ಹೊಸದಾಗಿ ಕಪ್ಪು ಬಳಿದಿದ್ದರೆ ಯಾಕೆಂದು ಕೇಳು. ಎಂಜಿನ್ ದುರಸ್ತಿ ಮಾಡಿಸಬಹುದು, ಕೊಳೆತ ಚಾಸಿಗೆ ಹಾಕಿದ ದುಡ್ಡು ನೀರಿಗೆ ಹಾಕಿದಂತೆ. ಕಾಗದದ ವಿಷಯವನ್ನೂ ಮರೆಯಬೇಡ. 2012ರ ಆರ್‌ಸಿ, ಅಂದರೆ ನೋಂದಣಿ ಪತ್ರ, 15 ವರ್ಷಕ್ಕೆ, ಅಂದರೆ 2027ಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಹಸಿರು ತೆರಿಗೆಯನ್ನೂ ಕಟ್ಟಬೇಕು. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿತೆಂಬ ಫಾರ್ಮ್ 35, ವರ್ಗಾವಣೆಗೆ 29 ಮತ್ತು 30 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡ.

ಪಾಠ ಹೇಳುವುದಿಲ್ಲವೆಂದುಕೊಂಡೇ ಬರೆಯಲು ಕೂತವನು ಇಷ್ಟು ದೂರ ಬಂದುಬಿಟ್ಟೆ. ನಿನ್ನ ಆಯ್ಕೆ ಕೆಟ್ಟದ್ದಲ್ಲ ಎಂಬುದನ್ನೂ ಹೇಳಬೇಕು. ಒಂದು ಟನ್ನಿನಷ್ಟೇ ತೂಗುವ ಗಾಡಿ ಕೆಸರಿನಲ್ಲಿ ಹೂತುಹೋಗುವುದು ಕಡಿಮೆ, ಹೂತರೂ ನಾಲ್ಕು ಜನ ಎತ್ತಿ ತಳ್ಳಬಹುದು. 2014ರಲ್ಲಿ ಬಂದ, ನಾಲ್ಕು ಚಕ್ರವೂ ಎಳೆಯುವ ರೆನೋ ಡಸ್ಟರ್ ಆಲ್ ವೀಲ್ ಡ್ರೈವ್ ದಿನವೂ ಓಡಿಸುವುದಕ್ಕೆ ಸುಖವಾದರೂ ಅದರಲ್ಲಿ ಲೋ ಗೇರ್ ಇಲ್ಲ. ನನ್ನ ಮನಸ್ಸಿರುವುದು 2023ರಲ್ಲಿ ಬಂದ ಮಾರುತಿ ಜಿಮ್ನಿಯ ಮೇಲೆ. ಅದರಲ್ಲಿ ಲೋ ಗೇರೂ ಇದೆ, ಆರು ಏರ್‌ಬ್ಯಾಗುಗಳೂ ಇವೆ. ನಿನ್ನ ಜಿಪ್ಸಿಯಲ್ಲಿ ಏರ್‌ಬ್ಯಾಗು ಒಂದೂ ಇಲ್ಲ. ಈ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತದೆ. ನಿನ್ನ ಐದು ಲಕ್ಷಕ್ಕೆ ಜಿಮ್ನಿ ಸಿಗುವುದಿಲ್ಲವೆಂದು ಗೊತ್ತು, ಈ ವರ್ಷದ ಕಾಳುಮೆಣಸಿನ ದುಡ್ಡು ಹಾಗೆಯೇ ಇದೆ ಎಂದೂ ಗೊತ್ತಿರಲಿ. ನೀನು ತೆಗೆದುಕೊಳ್ಳುವುದಿಲ್ಲವೆಂದು ಅಮ್ಮ ಹೇಳುತ್ತಾಳೆ, ಆದರೂ ಕೇಳುತ್ತಿದ್ದೇನೆ.

ಯಾವುದನ್ನೇ ಕೊಂಡರೂ, ಫೋರ್ ವೀಲ್ ಇರುವುದು ಹತ್ತುವುದಕ್ಕೆ, ಬ್ರೇಕು ಬೇಗ ಹಿಡಿಯುವುದಕ್ಕಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಗುಡ್ಡಗಳು ಕುಸಿದಾಗ ಎಂಥ ಜೀಪಿಗೂ ದಾರಿ ಇರಲಿಲ್ಲ. ತುಂಬಿದ ಹಳ್ಳದೆದುರು ನಿನ್ನ ಗಾಡಿಯ ಮೇಲೆ ನಿನಗೆ ಎಷ್ಟೇ ನಂಬಿಕೆ ಬಂದರೂ ನಿಂತುಬಿಡು, ಅಲ್ಲಿಂದ ನನಗೆ ಫೋನ್ ಮಾಡು.

ಭಾನುವಾರ ನೀನು ಮಂಗಳೂರಿಗೆ ಹೋಗುವುದು ಖಂಡಿತವಾದರೆ ನಾನು ಬೆಳಗಿನ ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಇಳಿದು ಬರುತ್ತೇನೆ. ನಿನಗೆ ಬೇಡವಾದರೆ ಶನಿವಾರ ರಾತ್ರಿಯೊಳಗೆ ಹೇಳು, ಬೇಸರ ಮಾಡಿಕೊಳ್ಳುವುದಿಲ್ಲ. ಬರಬಹುದೆಂದರೆ ಜಾಕು, ಟಾರ್ಚು, ಅಡಿಗೆ ಹಾಸಿಕೊಳ್ಳಲು ಒಂದು ಗೋಣಿಚೀಲ ತರುತ್ತೇನೆ. ಬೆಲೆ ಮಾತಾಡುವವಳು ನೀನು, ನಾನು ನಡುವೆ ಬಾಯಿ ಹಾಕುವುದಿಲ್ಲ.

ನಿನ್ನ ಅಪ್ಪ