ಹರಿಕಾರಳನ್ನು ಬಿಡು, ಆಲೂಗಡ್ಡೆ ಹಿಡಿ

ನಲ್ಮೆಯ ತಂಗಿಗೆ,

ಅಮೆರಿಕದಲ್ಲಿ ಹುಡುಗಿಯರಿಗೆ ಶಾಲೆ ಕಟ್ಟಿದ ಎಮ್ಮಾ ವಿಲ್ಲರ್ಡ್ ಬಗ್ಗೆ ನೀನು ಬರೆದು ಕಳಿಸಿದ ಪುಟಗಳನ್ನು ಓದಿದೆ. ಮೊದಲ ಸಾಲಿನಲ್ಲೇ ಆಕೆಯನ್ನು ‘ಸ್ತ್ರೀಶಿಕ್ಷಣದ ಹರಿಕಾರಳು’ ಎಂದುಬಿಟ್ಟಿದ್ದೀಯ. ಹೊಡೆದುಹಾಕು. ಹಾಗಂದ ಮೇಲೆ ಓದುವವರಿಗೆ ಕೈಮುಗಿಯುವುದು ಬಿಟ್ಟರೆ ಬೇರೆ ಕೆಲಸ ಉಳಿಯುವುದಿಲ್ಲ.

1787ರಲ್ಲಿ ಕನೆಕ್ಟಿಕಟ್‌ನ ಬರ್ಲಿನ್ ಊರಿನಲ್ಲಿ ಹುಟ್ಟಿದ್ದು, ಹದಿನೇಳು ಮಕ್ಕಳಲ್ಲಿ ಹದಿನಾರನೆಯವಳಾಗಿದ್ದು, ಇವಕ್ಕೆಲ್ಲ ಎರಡು ಸಾಲು ಸಾಕು. ಕತೆ ಇರುವುದು ವರ್ಮಾಂಟ್‌ನ ಮಿಡಲ್‌ಬರಿಯಲ್ಲಿ. ಗಂಡ ಡಾಕ್ಟರು. ಮನೆಗೆ ಹಣದ ಮುಗ್ಗಟ್ಟು ಬಂದಾಗ, 1814ರಲ್ಲಿ, ಎಮ್ಮಾ ಮನೆಯಲ್ಲೇ ಹುಡುಗಿಯರಿಗೆ ಶಾಲೆ ತೆರೆದಳು. ಊರಿನ ಕಾಲೇಜಿನಲ್ಲಿ ಓದುವುದಕ್ಕೆಂದು ಗಂಡನ ಕಡೆಯ ಹುಡುಗನೊಬ್ಬ ಅವರ ಮನೆಯಲ್ಲಿದ್ದ. ಆ ಕಾಲೇಜಿನ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಹುಡುಗನ ಪುಸ್ತಕಗಳು ಮಾತ್ರ ಮನೆಯೊಳಗೇ ಇದ್ದವು. ಆಕೆ ರೇಖಾಗಣಿತ ಕಲಿತದ್ದು ಹಾಗೆ. ಮುಂದೆ ಹುಡುಗಿಯರಿಗೆ ಪಾಠ ಹೇಳುವಾಗ ಶಂಕು, ಪಿರಮಿಡ್ಡುಗಳನ್ನು ಆಲೂಗಡ್ಡೆಯಲ್ಲೂ ಟರ್ನಿಪ್‌ನಲ್ಲೂ ಕೆತ್ತಿ ತೋರಿಸುತ್ತಿದ್ದಳಂತೆ. ನೀನು ಇದನ್ನು ಅರ್ಧ ವಾಕ್ಯದಲ್ಲಿ ದಾಟಿದ್ದೀಯಲ್ಲ! ನಾನಾಗಿದ್ದರೆ ಅಲ್ಲಿಂದಲೇ ಶುರುಮಾಡುತ್ತಿದ್ದೆ.

ಇನ್ನು 1819ರ ಯೋಜನೆ. ಹುಡುಗಿಯರ ಶಿಕ್ಷಣಕ್ಕೆ ಸರ್ಕಾರ ಹಣ ಕೊಡಬೇಕೆಂದು ನ್ಯೂಯಾರ್ಕ್ ಶಾಸನಸಭೆಗೆ ಬರೆದ ಆ ಬಿನ್ನಹವನ್ನು ನೀನು ‘ಕ್ರಾಂತಿಕಾರಿ’ ಎನ್ನುತ್ತೀಯ. ಅದನ್ನು ಬರವಣಿಗೆಯಾಗಿ ಇನ್ನೊಮ್ಮೆ ಓದು. ಹೆಂಗಸರನ್ನು ಕಾಲೇಜಿಗೆ ಕಳಿಸುವುದೆಂದರೆ ನಿಮಗೆ ನಗು ಬರಬಹುದು, ನಾನು ಕೇಳುತ್ತಿರುವುದು ಅದಲ್ಲ ಎಂದು ಆಕೆಯೇ ಮೊದಲು ಹೇಳಿಬಿಡುತ್ತಾಳೆ. ‘ಕಾಲೇಜು’ ಎನ್ನುವ ಬದಲು ‘ಸೆಮಿನರಿ’ ಎನ್ನುತ್ತಾಳೆ; ಆಗ ಹುಡುಗಿಯರ ಶಾಲೆಗೂ ಆ ಹೆಸರಿತ್ತು. ಓದಿದ ತಾಯಂದಿರು ಗಣರಾಜ್ಯಕ್ಕೆ ಒಳ್ಳೆಯ ಪ್ರಜೆಗಳನ್ನು ಬೆಳೆಸುತ್ತಾರೆ ಎಂಬ ವಾದ ಹೂಡುತ್ತಾಳೆ. ಕೇಳುವವರು ಗಂಡಸರು, ಹಣದ ಗಂಟು ಅವರ ಕೈಯಲ್ಲಿ. ಇದು ಆಕೆಯ ನಂಬಿಕೆಯೋ ಜಾಣತನವೋ? ಎರಡೂ ಎಂದು ನನ್ನ ಅನಿಸಿಕೆ. ನೀನು ತೀರ್ಪು ಕೊಡಲು ಅವಸರಪಡಬೇಡ, ಆ ವಾಕ್ಯಗಳನ್ನೇ ಓದುಗರ ಮುಂದಿಡು.

ಶಾಸನಸಭೆ ಹಣ ಕೊಡಲಿಲ್ಲ. ಅದೇ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದವರು ತೆರಿಗೆ ಹಾಕಿ 4,000 ಡಾಲರ್ ಎತ್ತಿದರು, 1821ರಲ್ಲಿ ಶಾಲೆ ನಡೆಯತೊಡಗಿತು. ಅಲ್ಲಿಯ ಒಂದು ಪ್ರಸಂಗ ನಿನ್ನ ಬರಹದಲ್ಲಿಲ್ಲ. ಹುಡುಗಿಯೊಬ್ಬಳು ಕಪ್ಪುಹಲಗೆಯ ಮೇಲೆ ಹೃದಯ, ರಕ್ತನಾಳಗಳನ್ನು ಬರೆದು ವಿವರಿಸುವುದನ್ನು ನೋಡಿ, ಪಾಠ ನೋಡಲು ಬಂದಿದ್ದ ತಾಯಂದಿರು ನಾಚಿ ಎದ್ದುಹೋದರು. ಆಮೇಲೆ ಪುಸ್ತಕದಲ್ಲಿ ದೇಹದ ಚಿತ್ರವಿದ್ದ ಪುಟಗಳಿಗೆ ದಪ್ಪ ಕಾಗದ ಅಂಟಿಸಲಾಯಿತು. ಪಾಠ ನಿಲ್ಲಲಿಲ್ಲ. ಆ ಅಂಟಿಸಿದ ಕಾಗದ ನಿನಗೆ ಒಂದು ಅಧ್ಯಾಯವನ್ನೇ ಕೊಡುತ್ತದೆ.

ಆಕೆಯ ಪಠ್ಯಪುಸ್ತಕಗಳ ಪಟ್ಟಿ ಬೇಡ. ಒಂದು ಚಿತ್ರವನ್ನು ಹಿಡಿ: ಇತಿಹಾಸ ಕಲಿಸಲು 1846ರಲ್ಲಿ ಬರೆದ ‘ಕಾಲದ ದೇಗುಲ’. ಕಂಬಕ್ಕೊಂದು ಶತಮಾನ, ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು.

ಕೊನೆಗೆ, ನೀನು ಮುಚ್ಚಿಟ್ಟ ಸಂಗತಿಗಳು. 1838ರ ಎರಡನೇ ಮದುವೆ ವರ್ಷ ತುಂಬುವುದರೊಳಗೆ ಮುರಿಯಿತು, 1843ರಲ್ಲಿ ವಿಚ್ಛೇದನವಾಯಿತು. ಟ್ರಾಯ್‌ನ ಆ ಶಾಲೆಯಲ್ಲೇ ಓದಿದ ಎಲಿಜಬೆತ್ ಕೇಡಿ ಸ್ಟ್ಯಾಂಟನ್ 1848ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದಳು; ಎಮ್ಮಾ ಆ ಚಳವಳಿಗೆ ಇಳಿಯಲಿಲ್ಲ. ಅಂತರ್ಯುದ್ಧ ನಡೆಯುತ್ತಿದ್ದಾಗ, 1862ರಲ್ಲಿ, ಗುಲಾಮಗಿರಿಯ ಪ್ರಶ್ನೆಗೆ ರಾಜಿಸೂತ್ರವೊಂದನ್ನು ಅಚ್ಚುಹಾಕಿಸಿದಳು. ಕರಿಯರು ಕಟ್ಟುಪಾಡಿನೊಳಗೆ ಸೇವಕರಾಗಿಯೇ ಉಳಿಯಲಿ ಎಂಬ ಸೂತ್ರ ಅದು. ಓದಿ ನನಗೂ ಕಹಿಯಾಯಿತು. ಅದನ್ನು ಅಡಿಟಿಪ್ಪಣಿಗೆ ತಳ್ಳಬೇಡ, ಕತೆಯೊಳಗೇ ಬರಲಿ.

‘ಸೆಮಿನರಿ’ಯನ್ನು ನೀನು ಹಾಗೇ ಇಟ್ಟಿದ್ದೀಯ. ನಮ್ಮ ಕಡೆ ಆ ಮಾತು ಕೇಳಿದರೆ ಪಾದ್ರಿಗಳ ತರಬೇತಿಯೇ ನೆನಪಾಗುತ್ತದೆ. ‘ವಿದ್ಯಾಲಯ’ ಎಂದರೆ ಆಕೆ ‘ಕಾಲೇಜು’ ಎನ್ನದೆ ಜಾರಿಕೊಂಡ ಜಾಣತನ ಕೈತಪ್ಪುತ್ತದೆ. ಎರಡು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ನಿನಗೆ ಹೊಳೆದರೆ ಬರೆ.

ನಿನ್ನ ಅಕ್ಕ